ಭಾವನ ಜೊತೆ ಅಂಚೆ ಚದುರಂಗ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಾಗರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಅಕ್ಕನನ್ನು ತೀರ್ಥಹಳ್ಳಿಗೆ ಕೊಟ್ಟಿತ್ತು. ಭಾವ ಅಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾವಿಬ್ಬರೂ ಅಂಚೆಯಲ್ಲಿ ಚದುರಂಗ ಆಡುತ್ತಿದ್ದೆವು. ಒಂದು ಕಾರ್ಡಿಗೆ ಒಂದು ನಡೆ. ಅವರ ಕಾರ್ಡು ಬಂದರೆ ನನ್ನ ಮಣೆಯ ಮೇಲೆ ಅವರ ಕಾಯಿ ಸರಿಸಿ, ನನ್ನ ನಡೆ ಬರೆದು ಕಳಿಸುವುದು.

ನನಗೆ ತಾಳ್ಮೆ ಕಡಿಮೆ. ಕಾರ್ಡು ಕೈಗೆ ಬಂದ ಗಳಿಗೆಗೇ ಉತ್ತರ ಬರೆದು ಡಬ್ಬಿಗೆ ಹಾಕಿ, ಆಮೇಲೆ ಮಣೆ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದೆ. ಹೀಗೇ ಒಮ್ಮೆ ಮಂತ್ರಿಯನ್ನು ಕಳಕೊಂಡಾಗ ಭಾವ ನಡೆಯ ಕೆಳಗೆ ಬರೆದರು: "ಬರೆದ ಕಾರ್ಡನ್ನು ಒಂದು ರಾತ್ರಿ ಇಟ್ಟುಕೊ ಮಾರಾಯ. ಬೆಳಿಗ್ಗೆಯೂ ಸರಿ ಅನ್ನಿಸಿದರೆ ಹಾಕು." ಹಾಗೇ ಮಾಡಿದೆ. ಸೋಲು ತಪ್ಪಲಿಲ್ಲ, ಆಟ ಮಾತ್ರ ಉದ್ದವಾಯಿತು. ಅವರ ಮೇಲಿನ ಗೌರವವೂ ಹೆಚ್ಚಿತು.

ಒಂದು ಬೇಸಿಗೆ ಅಕ್ಕ ಟ್ರಂಕು ಹಿಡಿದು ಮನೆಗೆ ಬಂದಳು. ವಾಪಸು ಹೋಗುವ ಮಾತೇ ಇಲ್ಲ. ಅಮ್ಮ ಕೇಳಿದರೆ, "ಹೊಡೀಲಿಲ್ಲ, ಬಡೀಲಿಲ್ಲ. ಎಂಥ ಹೇಳ್ಲಿ?" ಅನ್ನುತ್ತಿದ್ದಳು. ಭಾವನ ಕಾರ್ಡು ಎಂದಿನಂತೆ ಬಂತು. ಒಂಟೆಯ ನಡೆ. ಅಕ್ಕನ ವಿಷಯ ಒಂದಕ್ಷರವಿಲ್ಲ.

ನಾನು ಮಣೆ ಮುಂದೆ ಕೂತಿದ್ದು ಕಂಡು ಅಮ್ಮ ರೇಗಿದಳು. "ಅವ್ಳು ಒಳಗೆ ಅಳ್ತಾ ಇದ್ದಾಳೆ, ನಿಂಗೆ ಅವ್ರ ಜೊತೆ ಆಟ ಬೇರೆ!"

ಅಕ್ಕ ಹೊರಗೆ ಬಂದು ಕಾರ್ಡು ತಿರುಗಿಸಿ ನೋಡಿದಳು. "ಇದಕ್ಕೆ ಅವ್ರು ವಾರಗಟ್ಟಲೆ ಯೋಚಿಸ್ತಾರೆ. ಉಣ್ಣುವಾಗ್ಲೂ ಇದೇ. ನಾನು ಮಾತು ಶುರು ಮಾಡಿದ್ರೆ ಮುಗಿಸೋ ತನಕ ಒಂದು ದಿನವೂ ಕಾದಿಲ್ಲ ಕಣೋ."

ನಾನು ಕಂಡ ಭಾವ, ಅವಳು ಕಂಡ ಗಂಡ ಒಬ್ಬರೇ ಎಂದು ಒಪ್ಪಲು ಕಷ್ಟವಾಯಿತು.

ಆ ಸಂಜೆ ನಡೆ ಬರೆಯದೆ ಕಾರ್ಡು ಬರೆದೆ: "ಭಾವ, ಅಕ್ಕನ ಮಾತು ಪೂರ್ತಿ ಕೇಳಲು ಒಮ್ಮೆ ಬನ್ನಿ." ಸಂಬಂಧವೇ ಹರಿದರೆ ಎಂದು ಹೆದರಿಕೆ. ಬೆಳಿಗ್ಗೆ ಮತ್ತೆ ಓದಿದೆ. ಬದಲಿಸುವಂಥದ್ದು ಕಾಣಲಿಲ್ಲ. ಹಾಕಿದೆ.

ಭಾವ ಭಾನುವಾರದ ಬಸ್ಸಿಗೆ ಬಂದರು. ಕಾಫಿ ಮುಟ್ಟಲಿಲ್ಲ. ಅಕ್ಕ, "ಹೊಸನಗರದ ಶಿಶುವಿಹಾರದಲ್ಲಿ ಕೆಲಸ ಇದೆಯಂತೆ, ನಾನು..." ಎನ್ನುವಷ್ಟರಲ್ಲಿ, "ಅದೆಲ್ಲ ಮನೆಗೆ ಹೋಗಿ ಮಾತಾಡೋಣ" ಅಂದರು.

"ಭಾವ, ಅವಳು ಮುಗಿಸ್ಲಿ" ಅಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ ಕೂತರು. ಅಕ್ಕ ಹೇಳಿದ್ದೆಲ್ಲ ಸಣ್ಣ ಸಣ್ಣ ಸಂಗತಿ: ಜ್ವರ ಅಂದಾಗ ಕೇಳದ್ದು, ತವರಿಗೆ ಹೋಗ್ತೀನಿ ಅಂದಾಗ ಬಾಯಿ ಮುಚ್ಚಿಸಿದ್ದು, ದುಡೀಬೇಕು ಅಂದಾಗ ನಕ್ಕಿದ್ದು.

"ಯೋಚಿಸಿ ಹೇಳ್ತೀನಿ" ಅಂದರು ಭಾವ.

"ಯೋಚಿಸಿ. ನಾನೂ ಯೋಚಿಸಿಯೇ ಬಂದಿದ್ದು" ಅಂದಳು ಅಕ್ಕ.

ಮಳೆಗಾಲ ಹಿಡಿಯುವ ಮೊದಲು ಅವಳು ಹೊಸನಗರದಲ್ಲಿ ಕೆಲಸಕ್ಕೆ ಸೇರಿದಳು. ಭಾವ ಆಗೊಮ್ಮೆ ಈಗೊಮ್ಮೆ ಅಲ್ಲಿಗೆ ಬಂದು ಹೋಗುತ್ತಾರೆಂದು ಕೇಳಿದೆ. ಏನು ಮಾತಾಡಿದರೋ ಅಕ್ಕ ಹೇಳಲಿಲ್ಲ. ತೀರ್ಥಹಳ್ಳಿಗೆ ಮರಳಲೂ ಇಲ್ಲ. ನನಗೆ ಮತ್ತೆ ಕಾರ್ಡು ಬರಲಿಲ್ಲ. ಅಂಚೆಯವನು ನಮ್ಮ ಮನೆ ದಾಟಿ ಹೋಗುವುದು ಕಂಡಾಗೆಲ್ಲ ಅಮ್ಮ, "ನೀನು ಅವತ್ತು ಬರೀದೆ ಇದ್ದಿದ್ರೆ..." ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದಳು.