ಎಡಗಾಲಿನ ಕ್ಲಚ್ಚು

ಕಾಕಾರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಿತ್ತು. ಧೋತರವನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಕಟ್ಟೆಯ ಮೇಲೆ ಕೂತಾಗ, ಇಬ್ಬರು ಬೇರೆ ಬೇರೆ ಮನುಷ್ಯರ ಕಾಲುಗಳನ್ನು ತಂದು ಜೋಡಿಸಿದಂತೆ ಕಾಣುತ್ತಿತ್ತು. ಗೋಕಾಕ–ಹುಕ್ಕೇರಿ ಬಸ್ಸನ್ನು ಇಡೀ ನೌಕರಿಯುದ್ದಕ್ಕೂ ಓಡಿಸಿದವರು. ತಿರುವಿಗೊಮ್ಮೆ, ಎಮ್ಮೆಗೊಮ್ಮೆ, ಕೈ ಮಾಡಿದ ಮುದುಕಿಗೊಮ್ಮೆ ಕ್ಲಚ್ ಒತ್ತಿ ಒತ್ತಿ ಆ ಕಾಲು ಹಾಗಾಗಿತ್ತು. ನಿವೃತ್ತಿಯಾದ ಮೇಲೂ ಅದಕ್ಕೆ ಸುಮ್ಮನಿರುವುದು ಗೊತ್ತಿರಲಿಲ್ಲ. “ಮಲಕೊಂಡಾಗೂ ಕ್ಲಚ್ ಒತ್ತತಾರ ನೋಡವ್ವಾ, ಒದಿಸ್ಕೊಂಡ್ ಒದಿಸ್ಕೊಂಡ್ ನನಗ ಸಾಕಾಗೇತಿ,” ಎಂದು ಅವರ ಹೆಂಡತಿ, ನಮ್ಮ ಕಾಕೂ, ನಗುತ್ತಿದ್ದರು.

ಕಲ್ಲೋಳಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕಾ. ಹೇಗಿದ್ದೀರಿ ಎಂದು ಯಾರು ಕೇಳಿದರೂ ಉತ್ತರ ಒಂದೇ: “ಫುಲ್!” ಬಸ್ಸಿನಲ್ಲಿ ನಿಲ್ಲಲಿಕ್ಕೂ ಜಾಗವಿಲ್ಲ ಎಂಬಂತೆ ಕೈ ಬೀಸಿ ಹೇಳುತ್ತಿದ್ದರು.

ನನ್ನ ಗಂಡ, ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡು, ಅದರ ಮೋಜು ಮುಗಿಯುವ ಮೊದಲೇ ಹುಕ್ಕೇರಿಗೆ ವರ್ಗವಾಗಿ ಹೋದ. ಅವನ ಬಾಡಿಗೆ ಕೋಣೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲ. ಕಾರು ನನ್ನ ಕೊರಳಿಗೆ ಬಿತ್ತು. ನಾನೋ ಮಮದಾಪುರದ ಶಾಲೆಯ ಟೀಚರು, ಸ್ಕೂಟಿಗೇ ಹೆದರಿ ಬಸ್ಸು ಹಿಡಿದವಳು. “ನಾ ಕಲಿಸ್ತೇನಿ ಬಾ,” ಎಂದರು ಕಾಕಾ. ತಾವೂ ಅಂಥ ಕಾರನ್ನು ಮುಟ್ಟಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೊದಲ ದಿನ ತಾವೇ ಕೂತು ಬಟನ್ ಒತ್ತಿದರು. ಸದ್ದಿಲ್ಲ. ಗುಂಡಿ ತಿರುವಿ ಮುಂದಕ್ಕೆ ಹಾಕಿದರು, ಆಗಲೂ ಸದ್ದಿಲ್ಲ. “ಚಾಲೂನ ಆಗವಲ್ದಲ್ಲ ಇದು,” ಎಂದು ಗೊಣಗುತ್ತ, ರೂಢಿಯಂತೆ ಎಡಗಾಲಿನಿಂದ ಬರೀ ನೆಲವನ್ನೂ ಬಲಗಾಲಿನಿಂದ ಎಕ್ಸಲೇಟರನ್ನೂ ತುಳಿದರು. ಆಗಲೇ ಚಾಲೂ ಆಗಿದ್ದ ಕಾರು ಚಂಗನೆ ಹಾರಿ ಎದುರಿನ ಜೋಳದ ಕಣಕಿಯ ಬಣವೆಯೊಳಗೆ ಮೂಗು ತೂರಿಸಿತು. “ಸುದ್ದಿ ಹೇಳದನ ಹೊಂಡ್ತಿ ಏನಲೇ!” ಎಂದು ಕಾರಿಗೇ ಬೈದರು. ಓಣಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಹಟ ಹತ್ತಿತು. ಕಾರು ಮಾರಿದವನಿಗೆ ಫೋನು ಹಚ್ಚಿ ತಲೆ ತಿಂದರು, ನನ್ನ ಮೊಬೈಲಿನಲ್ಲಿ ವಿಡಿಯೊ ನೋಡಿದರು, ತಿಳಿಯದ್ದನ್ನು ನನ್ನಿಂದ ಓದಿಸಿಕೊಂಡರು. ಕಡೆಗೆ ಒಂದು ಸಂಜೆ, ಅದೆಲ್ಲ ತಮಗೆ ಹುಟ್ಟುತ್ತಲೇ ಗೊತ್ತಿತ್ತು ಎಂಬ ಗತ್ತಿನಲ್ಲಿ ಪಾಠ ಶುರುಮಾಡಿದರು.

“ನಿನ್ನ ಕಾಲಬುಡಕ ಬ್ಯಾಟರಿ ಐತಿ. ಅದರಾಗಿನ ಕರೆಂಟ್ ಒಂದ ದಿಕ್ಕಿಗೆ ಹರಿತೈತಿ. ಮೋಟರಿಗೆ ಹಿಂದ ಮುಂದ ಆಡೋ ಕರೆಂಟ್ ಬೇಕು. ನಡುವ ಒಂದ್ ಡಬ್ಬಿ ಕುಂತೈತಿ, ಅದು ಬದಲಿ ಮಾಡಿ ಕೊಡತೈತಿ. ಕರೆಂಟ್ ಹೋದಾಗ ನಿಮ್ಮನ್ಯಾಗ ಫ್ಯಾನ್ ತಿರಗಸ್ತೈತಲ್ಲ ಇನ್ವರ್ಟರ್, ಅದರ ಅಣ್ಣ ಇದು. ಬಾವಿ ಮ್ಯಾಲಿನ ಮೋಟರ್ ನೀರ ಎತ್ತತೈತಿ, ಈ ಮೋಟರ್ ಗಾಲಿ ತಿರಗಸ್ತೈತಿ. ಮುಗೀತು. ಇಷ್ಟಕ್ಕ ಹೆದರ್ತಿಯಲ್ಲ!”

ಗೇರು ಯಾಕಿಲ್ಲ ಎಂದು ಕೇಳಿದೆ.

“ಡೀಸೆಲ್ ಇಂಜಿನ್ನಿಗೆ ನಿಂತಲ್ಲೆ ತಾಕತ್ತಿಲ್ಲ ಮಗಳ. ಮೊದಲ ಅದನ್ನ ತಿರಗಾಕ ಹಚ್ಚಿ, ಆಮ್ಯಾಲ ಸಾವಕಾಶ ಗಾಲಿಗೆ ಜೋಡಸಬೇಕು. ಅದಕ್ಕ ಕ್ಲಚ್ಚು, ಅದಕ್ಕ ಗೇರು. ಮೋಟರಿಗೆ ಆ ರಗಳೀನ ಇಲ್ಲ, ನಿಂತಲ್ಲೆ ಪೂರಾ ಜೋರು.” ತೊಡೆ ಸವರಿಕೊಂಡರು. “ನನ್ನ ಎಡಗಾಲಿಗೆ ಇದರಾಗ ಕೆಲಸಾನ ಇಲ್ಲ ನೋಡು.”

ಕೆಲಸವಿಲ್ಲದಿದ್ದರೂ ಆ ಕಾಲು ಬಿಡಲಿಲ್ಲ. ನಾನು ಓಡಿಸುವಾಗ ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ಇಲ್ಲದ ಕ್ಲಚ್ಚನ್ನು ಒತ್ತುತ್ತಿದ್ದರು. ನನಗೆ ಅದೇ ಸೂಚನೆಯಾಯಿತು. ಅವರ ಪಾದ ಒತ್ತಿತೆಂದರೆ ನಾನು ಎಕ್ಸಲೇಟರಿನಿಂದ ಕಾಲು ತೆಗೆಯಬೇಕು. ಹಾಗೆ ತೆಗೆದಾಗ ಗಾಲಿಯೇ ಮೋಟರನ್ನು ತಿರುಗಿಸುತ್ತದೆ, ಸೈಕಲ್ಲಿನ ಡೈನಮೋದಂತೆ ಅದು ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ ಎಂದು ಹೇಳಿಕೊಟ್ಟವರೂ ಅವರೇ. “ಜನ್ಮ ಪೂರ್ತಿ ಬ್ರೇಕ್ ಹೊಡದ ಹೊಡದ ಬರೇ ಗಾಲಿ ಬಿಸಿ ಮಾಡಿದೆ. ಒಂದ್ ಹನಿ ವಾಪಸ್ ಬರಲಿಲ್ಲ,” ಎಂದರು. ಅದನ್ನು ನಗುತ್ತ ಹೇಳಲಿಲ್ಲ.

ಪರದೆಯ ಮೇಲೆ ಚಾರ್ಜು ನೂರು ಪರ್ಸೆಂಟ್ ಎಂದು ತೋರಿಸಿದರೂ ಕಾರು ಹೇಳಿದಷ್ಟು ದೂರ ಹೋಗುವುದಿಲ್ಲವಲ್ಲ ಎಂದು ಒಮ್ಮೆ ದೂರಿದೆ. “ಬ್ಯಾಟರಿ ಹಳೇದವ್ವಾ. ತುಂಬಿಸಿದ್ರ ನೂರ ಅಂತೈತಿ, ಖರೆ. ಮೊದಲಿನಷ್ಟು ಒಳಗ ಹಿಡಿಯಂಗಿಲ್ಲ,” ಎಂದರು. ಹಾಗೆ ಹೇಳುವಾಗ ಎದೆ ಉಜ್ಜಿಕೊಳ್ಳುತ್ತಿದ್ದರು. ಅಂಬಲಿ ಕುಡಿದದ್ದು ಎದೆಗೆ ಹಿಡಿದಿರಬೇಕು ಅಂದುಕೊಂಡೆ.

ಆ ಮಳೆಗಾಲದ ಒಂದು ಸಂಜೆ ಗಾಳಿಗೆ ಕಂಬ ಬಿದ್ದು ಊರಿಗೇ ಕರೆಂಟಿರಲಿಲ್ಲ. ಕಾರು ಚಾರ್ಜಾಗಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೆ. ಗೋಡೆಯಾಚೆಯಿಂದ ಕಾಕೂ ಚೀರಿದರು. ಕಾಕಾ ಕಟ್ಟೆಗೆ ಒರಗಿದ್ದರು, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಫೋನು ಹಚ್ಚಿದರೆ, ಆಂಬುಲೆನ್ಸ್ ಬರಲು ತಾಸಾಗುತ್ತದೆ ಎಂದರು. ಗೋಕಾಕದ ದವಾಖಾನೆಗೆ ಒಯ್ಯಲು ಕಾರು ತೆಗೆದೆ. ಪರದೆಯ ಮೇಲೆ ಹದಿನಾಲ್ಕು ಎಂದಿತ್ತು.

ಕಾಕೂ ಹಿಂದೆ ಕೂತರು. ಕಾಕಾ ಎಷ್ಟು ಹೇಳಿದರೂ ಕೇಳದೆ ನನ್ನ ಪಕ್ಕದಲ್ಲೇ ಕೂತರು. ಊರು ದಾಟುತ್ತಲೇ ಜೋರಾಗಿ ತುಳಿದೆ. ಹದಿಮೂರಾಯಿತು, ನೋಡನೋಡುತ್ತ ಹನ್ನೆರಡಾಯಿತು.

“ಜೋರ ಹೊಡೀಬ್ಯಾಡ. ಜೋರ ಹೋದಷ್ಟು ಗಾಳಿ ತಡೀತೈತಿ, ಲಗೂನ ಖಾಲಿ ಆಗತೈತಿ. ಹಾದ್ಯಾಗ ನಿಂತ್ರ ಇಬ್ಬರೂ ಹೆಂಗಸರು ಏನ್ ಮಾಡ್ತೀರಿ? ಸಾವಕಾಶ ಹೋಗು.”

ಮೈಯೆಲ್ಲ ಬೆವರಿದ್ದರೂ ತಾವೇ ಕೈ ಚಾಚಿ ಏಸಿ ಬಂದ್ ಮಾಡಿದರು.

ಜೋರಾಗಿ ಹೋದರೆ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ, ಸಾವಕಾಶ ಹೋದರೆ ಮನುಷ್ಯ ಉಳಿಯುತ್ತಾನೋ ಇಲ್ಲವೋ. ಅವರು ಹೇಳಿದಂತೆ ಸಾವಕಾಶ ಹೋದೆ. “ಹೆಂಗ ಅನಸ್ತೈತ್ರಿ ಕಾಕಾ?” ಎಂದೆ.

“ಫುಲ್. ನೀ ರಸ್ತಾ ನೋಡು.”

ಒಂದೊಂದು ತಿರುವಿಗೂ ಅವರ ಎಡಗಾಲು ಒತ್ತಿತು, ನಾನು ಕಾಲು ತೆಗೆದೆ. ಆ ಪಾದ ಆಡುತ್ತಿರುವವರೆಗೆ ನನಗೆ ಧೈರ್ಯವಿತ್ತು. ಗೋಕಾಕದ ಮನೆಗಳು ಕಾಣತೊಡಗಿದವು. ಎದುರಿಗೊಂದು ದೊಡ್ಡ ತಿರುವು ಬಂತು. ಪಾದ ಒತ್ತಲಿಲ್ಲ. ತಡವಾಗಿ ಬ್ರೇಕ್ ತುಳಿದೆ, ಕಾರು ಜಗ್ಗಿತು.

“ಯಾಕವ್ವಾ, ಏನಾತು?” ಎಂದರು ಹಿಂದಿನಿಂದ ಕಾಕೂ.

“ಏನಿಲ್ರಿ ಕಾಕೂ, ಬಂತು ದವಾಖಾನಿ,” ಎಂದೆ.

ದಾರಿಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು. ಕಾಕೂನನ್ನು ಬೆಂಚಿನ ಮೇಲೆ ಕೂರಿಸಿ, ಕಾರನ್ನು ಬಾಗಿಲಿನಿಂದ ಸರಿಸಲು ಬಂದೆ. ಪರದೆಯ ಮೇಲೆ ನಾಲ್ಕು ಎಂದಿತ್ತು. ಆ ನಾಲ್ಕನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅತ್ತೆ. ಅದನ್ನೂ ಸುರಿದು ಜೋರಾಗಿ ಬಂದಿದ್ದರೆ? ಕಾರು ಹಾದಿಯಲ್ಲೇ ನಿಲ್ಲುತ್ತಿತ್ತು ಎನ್ನುತ್ತಾನೆ ನನ್ನ ಗಂಡ. ಇರಬಹುದು. ಉಸಿರು ಹಿಡಿದುಕೊಂಡಿದ್ದ ಆ ಹೊತ್ತಿನಲ್ಲೂ ಕಾಕಾಗೆ ನಾವಿಬ್ಬರು ಹೆಂಗಸರು ನಡುದಾರಿಯಲ್ಲಿ ನಿಲ್ಲಬಾರದೆಂಬುದೇ ಚಿಂತೆಯಾಗಿತ್ತು. ಆ ಋಣವನ್ನು ನಾನು ಯಾರಿಗೆ ತೀರಿಸಲಿ?

ಈಗ ಒಬ್ಬಳೇ ಓಡಿಸುತ್ತೇನೆ. ಹುಕ್ಕೇರಿಗೂ ಹೋಗಿ ಬರುತ್ತೇನೆ. ಮೊನ್ನೆ ಮಮದಾಪುರದ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ನನಗೆ ಗೊತ್ತಿಲ್ಲದಂತೆಯೇ ನನ್ನ ಎಡಗಾಲು ಖಾಲಿ ನೆಲವನ್ನು ಒತ್ತಿತು. ಕ್ಲಚ್ ಇರುವ ಗಾಡಿಯನ್ನು ನಾನು ಇವತ್ತಿಗೂ ಓಡಿಸಿಲ್ಲ.