ಹ್ಯಾಂಡಲ್ಲಿನ ಕನ್ನಡಿಯಲ್ಲಿ ಕಂಡದ್ದು

ಇದನ್ನು ಬರೆಯಬೇಕೆಂದು ಹಲವು ಸಲ ಕುಳಿತು, ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಅಣ್ಣ ಇರುವವರೆಗೆ ಬೇಡ ಎಂದುಕೊಂಡೆ. ಅಣ್ಣ ಹೋದ ಮೇಲೂ ಬರೆಯಲಿಲ್ಲ. ಇನ್ನು ಮುಂದೂಡುವಷ್ಟು ವಯಸ್ಸು ಉಳಿದಿಲ್ಲ.

ಮಹಾರಾಜರ ಕಾಲ, ಯುದ್ಧ ನಡೆಯುತ್ತಿದ್ದ ವರ್ಷಗಳು. ಹುಣಸೂರಿನಿಂದ ಕೃಷ್ಣರಾಜನಗರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಊರು. ಊರಿನಲ್ಲಿ ಸೈಕಲ್ ಇದ್ದದ್ದು ಹೈಸ್ಕೂಲು ಮುಗಿಸಿದ್ದ ನನಗೊಬ್ಬನಿಗೆ. ಹುಣಸೂರಿನ ಸೈಕಲ್ ಷಾಪಿನ ಸಾಬರು ಅದರ ಹ್ಯಾಂಡಲ್ಲಿಗೆ ಅಂಗೈಯಗಲದ ದುಂಡು ಕನ್ನಡಿ ಕೂರಿಸಿಕೊಟ್ಟಿದ್ದರು. "ಹಿಂದಿಂದ ಮರದ ಲಾರಿ ಬಂದ್ರೆ ತಿರುಗ್ದೇನೆ ಕಾಣ್ತದೆ ಕಣ್ರೀ. ಕ್ರಾಪು ನೋಡ್ಕೊಂಡು ಹಳ್ಳಕ್ಕೆ ಬಿದ್ರೆ ಮಾತ್ರ ನನ್ನ ಬೈಬೇಡಿ" ಎಂದು ನಕ್ಕಿದ್ದರು. ನಮ್ಮ ಊರವರಿಗೂ ಅದು ಬರೀ ಷೋಕಿ. ತಲೆ ತಿರುಗಿಸದವನಿಗೆ ಬೆನ್ನ ಹಿಂದಿನದು ಕಾಣುತ್ತದೆಂದು ಯಾರೂ ಯೋಚಿಸಿರಲಿಲ್ಲ.

ಒಂದು ಬೆಳಿಗ್ಗೆ ಮಿರ್ಲೆಯಿಂದ ಆಳು ಬಂದು, ಅತ್ತಿಗೆಯ ತಂದೆಗೆ ಮೇಲುಸಿರು ಹತ್ತಿದೆ ಎಂದು ಹೇಳಿ ಹೋದ. ಅಣ್ಣ ಗಾಡಿ ಕಟ್ಟಿಕೊಂಡು ವೀರನಹೊಸಹಳ್ಳಿ ಕಡೆಗೆ ಮರ ತರಲು ಹೋಗಿದ್ದ. ಕೃಷ್ಣರಾಜನಗರದಿಂದ ಮಿರ್ಲೆಗೆ ಇದ್ದದ್ದು, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಒಂದೇ ಬಸ್ಸು, ಮಧ್ಯಾಹ್ನಕ್ಕೆ ಮುಂಚೆ ಹೊರಡುತ್ತಿತ್ತು. ನಾನೂ ಕೃಷ್ಣರಾಜನಗರಕ್ಕೇ ಹೊರಟಿದ್ದೆ, ಗೆಳೆಯರ ಜೊತೆ ಹೋಟೆಲಿನಲ್ಲಿ ಕೂರಲು. ಒಳಗೆ ಅತ್ತಿಗೆ ಅವ್ವನ ಅಪ್ಪಣೆ ಕೇಳುತ್ತಿದ್ದದ್ದು ಜಗಲಿಗೆ ಕೇಳಿಸಿತು. ಮುಂದೆ ಯಾರನ್ನು ಕೇಳುತ್ತಾರೆಂದೂ ಗೊತ್ತಾಯಿತು. ಸೈಕಲ್ ತೆಗೆದು ಹೊರಟುಬಿಟ್ಟೆ.

ಹೆಂಗಸರನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಪೇಟೆಗೆ ಹೋಗುವುದು ಆಗ ನಗೆಪಾಟಲು. ಬೇರೆ ಊರಿನ ಗೆಳೆಯನೊಬ್ಬ ತಂಗಿಯನ್ನು ಹಾಗೆ ಕರೆತಂದಾಗ ನಾನೇ ಕೂಗಿದ್ದೆ: "ಏನ್ಲಾ, ಎತ್ತಿಲ್ದ ಗಾಡೀಲಿ ಮೆರವಣಿಗೆ ಒಂಟಿದ್ದೀಯ? ವಾಲಗದೋರು ಎಲ್ಲಲಾ?"

ಊರಾಚೆಯ ದಿಣ್ಣೆ ಹತ್ತುವಾಗ ಅತ್ತಿಗೆ ಕನ್ನಡಿಯಲ್ಲಿ ಕಂಡರು. ಕಂಕುಳಲ್ಲಿ ಬಟ್ಟೆಯ ಗಂಟು. ಇನ್ನೊಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದರು. ಕೂಗಲಿಲ್ಲ. ಹೊರಟವರನ್ನು ಹಿಂದಿನಿಂದ ಕರೆಯಬಾರದೆಂಬುದು ನಮ್ಮ ಮನೆಯ ಕಟ್ಟು. ಏರಿನಲ್ಲಿ ಸೈಕಲ್ ನಿಧಾನವಾಗಿತ್ತು, ಮುಖ ಕಾಣುವಷ್ಟು ಹತ್ತಿರ ಬಂದರು. ಒಂದು ಗಳಿಗೆ ಆ ಪುಟ್ಟ ಕನ್ನಡಿಯೊಳಗೆ ಅವರ ಕಣ್ಣು ನನ್ನ ಕಣ್ಣನ್ನು ಹಿಡಿಯಿತು. ಅಷ್ಟರಲ್ಲಿ ಏರು ಮುಗಿದು ಇಳಿಜಾರು ಬಂತು. ನಾನು ಪೆಡಲ್ ಒತ್ತಿದೆ.

ಅವರು ನಡೆದೇ ಹೋದರು. ಬಸ್ಸು ಸಿಗಲಿಲ್ಲ. ಮಿರ್ಲೆ ಮುಟ್ಟುವ ಹೊತ್ತಿಗೆ ತಂದೆಯ ಬಾಯಿಗೆ ಬೇರೆಯವರು ಕಡೆಯ ನೀರು ಬಿಟ್ಟಾಗಿತ್ತು.

ತಿಥಿ ಮುಗಿಸಿ ಬಂದ ಅತ್ತಿಗೆಯನ್ನು ಅವ್ವ ತರಾಟೆಗೆ ತೆಗೆದುಕೊಂಡಳು. "ಬಾಯಿ ಇರ್ನಿಲ್ವ ನಿಂಗೆ? ಒಂದ್ಸಲ ಕೂಗಿದ್ರೆ ನನ್ ಮಗ ನಿಲ್ಸ್ತಿರ್ನಿಲ್ವ?"

"ಒಂಟೋರ್ನ ಇಂದ್ಗಡೆಯಿಂದ ಕೂಗ್ಬ್ಯಾಡ ಅಂತ ನೀವೇ ಯೇಳಿದ್ರಲ್ಲತ್ತೆ."

"ಸಾಯೋ ಒತ್ನಲ್ಲೂ ಸಾಸ್ತ್ರವೇನವ್ವ!" ಅವ್ವ ನನ್ನ ಕಡೆ ತಿರುಗಿದಳು. "ನೀನಾದ್ರೂ ಒಂದ್ಕಿತ ತಿರುಗಿ ನೋಡ್ಬಾರ್ದಿತ್ತೇನ್ಲಾ?"

"ನಂಗೇನ್ ಬೆನ್ನಲ್ಲಿ ಕಣ್ಣಿದ್ದವಾ ಅವ್ವ?" ಎಂದೆ.

ಅತ್ತಿಗೆ ನನ್ನನ್ನು ನೋಡಿದರು. ಒಂದು ಮಾತು ಆಡಿದ್ದರೆ ಬೈಗುಳ ನನ್ನ ಕಡೆ ತಿರುಗುತ್ತಿತ್ತು. ತಪ್ಪು ಅವರದೇ ಎಂದು ಮನೆಯವರೆಲ್ಲ ನಂಬಿದರು, ಅಣ್ಣನೂ.

ಕನ್ನಡಿ ಬಿಚ್ಚಿಸಿದೆ. ಯಾಕೆಂದು ಕೇಳಿದ ಸಾಬರಿಗೆ, ಅದುರುತ್ತದೆ ಎಂದೆ. ಆಮೇಲೆ ಅತ್ತಿಗೆಗೆ ಪೇಟೆಯಿಂದ ಬೆಲ್ಲವೋ ದಾರದುಂಡೆಯೋ ಬೇಕಾದರೆ, ನಾನು ಸೈಕಲ್ ತೆಗೆಯುವ ಮೊದಲೇ ಅಂಗಳಕ್ಕೆ ಬಂದು ಮುಂದಿನ ಚಕ್ರದ ಎದುರು ನಿಂತು ಹೇಳುತ್ತಿದ್ದರು. ನಾನು ಚಕ್ರ ನೋಡುತ್ತ ಹೂಂ ಎನ್ನುತ್ತಿದ್ದೆ.

ಹಲವು ವರ್ಷ ಅದೇ ಮನೆಯಲ್ಲಿ ಅವರು ಬಡಿಸಿದ ಮುದ್ದೆ ಉಂಡೆ. ಅವರ ಕೊನೆಗಾಲದಲ್ಲಿ ಬಾಯಿಗೆ ನೀರು ಬಿಟ್ಟವರಲ್ಲಿ ನಾನೂ ಒಬ್ಬ. ಆಗಲೂ ನಾಲಿಗೆ ಏಳಲಿಲ್ಲ.

ಆವತ್ತು ದಿಣ್ಣೆಯ ಮೇಲೆ ನಿಮ್ಮನ್ನು ನೋಡಿದ್ದೆ, ಅತ್ತಿಗೆ.