ಹಿಮ್ಮಡಿ ಉಜ್ಜುವ ಕಲ್ಲು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಾವು ದುಬೈಯ ಅಲ್ ಕುಸೈಸ್‌ನಲ್ಲಿದ್ದೆವು. ಶಾಲೆಯ ಬಸ್ಸು ಮನೆಯಿಂದ ಎರಡು ಬೀದಿ ಆಚೆ ನಿಲ್ಲುತ್ತಿತ್ತು. ನನ್ನನ್ನೂ ಅಕ್ಕನನ್ನೂ, ಎಂದರೆ ನಿಮ್ಮ ತಾಯಿಯನ್ನೂ, ಕರೆತರಲು ಅಮ್ಮ ಉರಿಬಿಸಿಲಿನಲ್ಲಿ ಬರುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅವರ ಕೆನ್ನೆಗಳ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆಯಿತ್ತು. ಅದಕ್ಕೆ ಭಂಗು ಎನ್ನುತ್ತಾರೆ.

ಕಲೆ ನೋಯುತ್ತಿರಲಿಲ್ಲ. ನೋವೆಲ್ಲ ಊರಿನಲ್ಲಿ ಕಾದಿರುತ್ತಿತ್ತು. ದುಬೈಯಲ್ಲಿರುವವರು ಎಸಿಯಲ್ಲಿ ಕೂತು ಬೆಳ್ಳಗಾಗಿ ಬರಬೇಕೆಂದು ಅಲ್ಲಿಯವರ ಎಣಿಕೆ. “ಎಂತ ಮುಖ ಇದು ಅತ್ತಿಗೆ, ಅಲ್ಲಿ ಮೀನು ಒಣಗಿಸ್ಲಿಕ್ಕೆ ಕೂತ್ಕೊಳ್ತೀರಾ?” ಎಂದು ಅತ್ತೆ ಎಲ್ಲರೆದುರು ನಕ್ಕಿದ್ದರು.

ಮುಂದಿನ ರಜೆಗೆ ಚಿಕ್ಕಪ್ಪನ ಮದುವೆ ಬಂತು. ಅಮ್ಮ ಪಾರ್ಲರೊಂದರಿಂದ ಹೆಸರಿಲ್ಲದ ಬಿಳಿ ಡಬ್ಬಿಯ ಕ್ರೀಮ್ ತಂದರು. ಕೆಲವು ವಾರ ಮುಖ ಹೊಳೆಯಿತು. ಡಬ್ಬಿ ಮುಗಿದದ್ದೇ ಚರ್ಮ ಕೆಂಪೇರಿ ಉರಿಯತೊಡಗಿತು. ಕಲೆ ಮೊದಲಿಗಿಂತ ಕಪ್ಪಾಗಿ ಮರಳಿತು.

ಊರಿಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ಬಚ್ಚಲಿನಿಂದ ಗರಗರ ಸದ್ದು ಕೇಳಿತು. ಒಳಗಿನಿಂದ ಚಿಲಕ ಹಾಕಿತ್ತು. ಅಕ್ಕ ಬಾಗಿಲು ತಟ್ಟಿದಳು. ಸದ್ದು ಇನ್ನೂ ಜೋರಾಯಿತು.

“ಬಾಗಿಲು ತೆಗಿ ಮಾರಾಯ್ತಿ, ಎಂತ ಮಾಡ್ತಿದ್ದಿ?” ಎಂದು ಅಪ್ಪ ಭುಜ ಕೊಟ್ಟು ಗುದ್ದಿದರು. ಚಿಲಕ ಕಿತ್ತು ಟೈಲ್ಸ್ ಮೇಲೆ ಸಿಡಿಯಿತು.

ಅಮ್ಮನ ಕೈಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿತ್ತು. ಕೆನ್ನೆಯಿಂದ ರಕ್ತ ಇಳಿದು ಬೇಸಿನ್ನಿನ ನೊರೆ ಗುಲಾಬಿಯಾಗಿತ್ತು. ಲಿಂಬೆಹುಳಿಯ ವಾಸನೆ ಮೂಗಿಗೆ ಹೊಡೆಯಿತು. ಅಪ್ಪ ಕೈ ಹಿಡಿದಾಗ ಅಮ್ಮ ಅದೇ ಕಲ್ಲಿನಿಂದ ಅವರ ಎದೆಗೆ ಹೊಡೆದರು.

“ಬಿಡಿ! ಇನ್ನು ಸ್ವಲ್ಪವೇ ಉಂಟು!”

ಅಪ್ಪ ಕಲ್ಲನ್ನು ಕಿತ್ತುಕೊಂಡು ಬೀಸಿ ಎಸೆದರು. ಕನ್ನಡಿ ಚೂರುಚೂರಾಗಿ ಉದುರಿತು. ನಾನು ಅಕ್ಕನ ತೋಳಿಗೆ ಮುಖ ಒತ್ತಿ ಕಿರುಚುತ್ತಿದ್ದೆ.

ಚರ್ಮದ ಡಾಕ್ಟರು ನಮ್ಮ ಕರಾವಳಿಯವರೇ. ಗಾಯ ತೊಳೆಯುತ್ತ, “ಇದು ಕೊಳೆ ಅಲ್ಲ ಮಾರಾಯ್ರೆ, ಉಜ್ಜಿದ್ರೆ ಹೋಗ್ಲಿಕ್ಕೆ. ಬಣ್ಣ ಒಳಗಿಂದ ಬರ್ತದೆ. ಗಾಯ ಮಾಡಿದ್ರೆ ಇನ್ನೂ ಕಪ್ಪಾಗ್ತದೆ” ಎಂದರು. ದಿನವೂ ಸನ್‌ಸ್ಕ್ರೀನ್, ಬಿಸಿಲಿಗೆ ಕೊಡೆ, ಗಾಯ ಮಾಗಿದ ಮೇಲೆ ಮದ್ದು ಎಂದು ಹೇಳಿದರು.

“ಪೂರ್ತಿ ಹೋಗ್ತದಾ?” ಅಮ್ಮ ಕೇಳಿದರು.

“ಮಾಸ್ತದೆ, ನಿಧಾನಕ್ಕೆ. ಬಿಸಿಲಿಗೆ ಬಿಟ್ರೆ ಪುನಃ ಬರ್ತದೆ.”

ಅಮ್ಮ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡೇ ಮದುವೆಗೆ ಬಂದರು. ಅತ್ತೆ ಬಾಯಿ ತೆರೆದರು. ಅಪ್ಪ ಚಪ್ಪರದ ನಡುವೆ ನಿಂತು, “ಒಂದು ಮಾತು ಆಡಿದ್ರೆ ನಾವು ಈಗಲೇ ಹೊರಟೆವು” ಎಂದರು. ಅತ್ತೆ ತಿರುಗಿ ಅಡುಗೆಯವರ ಕಡೆ ನಡೆದರು.

ಈಗ ದುಬೈಯಲ್ಲೇ, ಸಿಲಿಕಾನ್ ಓಯಸಿಸ್‌ನ ನಿಮ್ಮ ಮನೆಯಲ್ಲಿ ಶೂಗಳ ಪಕ್ಕದಲ್ಲೇ ಸನ್‌ಸ್ಕ್ರೀನ್ ಇರುತ್ತದೆ. ಬಸ್ಸು ಗೇಟಿಗೇ ಬರುತ್ತದೆ. ಆದರೂ ಭಂಗು ಬರ್ತದೆ ಎಂದು ನಿಮ್ಮ ತಾಯಿ ಹಿಡಿದು ಹಚ್ಚುತ್ತಾಳೆ. “ಮಮ್ಮಾ, ಸ್ಟಿಕ್ಕಿ!” ಎಂದು ನೀವು ಕಿರುಚಿ ಓಡುತ್ತೀರಿ. ಅಜ್ಜಿ ಬಂದಾಗ ಅವರ ಕೆನ್ನೆಯ ಬಿಳಿ ಗೆರೆ ಮುಟ್ಟಿ, ಇದೇನಾ ಭಂಗು ಎಂದು ಕೇಳುತ್ತೀರಿ.

ಅಲ್ಲ. ಭಂಗು ಎಂದೋ ಮಾಸಿತು. ಅದು ಕಲ್ಲಿನ ಗುರುತು.